ವಾಚಿಗೆ ಜಾಗ

ರೊಟ್ಟಿ ಬಡಿಯುವಾಗ ನಮ್ಮ ದೊಡ್ಡವ್ವನ ಎಡಗೈಯ ಹಸಿರು ಬಳೆಗಳು ಜೋಳದ ಹಿಟ್ಟು ಹತ್ತಿ ಅರ್ಧ ಬೆಳ್ಳಗಾಗಿರುತ್ತಿದ್ದವು. ಮಣಿಕಟ್ಟಿನಿಂದ ಶುರುವಾಗಿ ಮುಂಗೈಯ ಅರ್ಧದವರೆಗೂ ಗಾಜಿನ ಬಳೆ. ಹಿಂದೊಂದು ಮುಂದೊಂದು ಬಂಗಾರದ ಬಳೆ. ಕೈಯೂ ಕಡಿಮೆ ದಪ್ಪವಿರಲಿಲ್ಲ. ಒಂದು ಬೆರಳು ತೂರಿಸುವಷ್ಟು ಸಂದು ಕೂಡ ಅಲ್ಲಿರಲಿಲ್ಲ. ಅಂಥ ಕೈಯ ಮೇಲೆ ಒಂದು ದುಬಾರಿ ಕೈಗಡಿಯಾರ ಕೂರಿಸಲು ಹೋಗಿ ನಾನು ಪಟ್ಟ ಪಾಡು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಓಣಿಯಲ್ಲಿದ್ದವು. ಆಕೆಗೆ ಇದ್ದವನು ಒಬ್ಬ ಮಗ, ಹೆಣ್ಣುಮಕ್ಕಳಿರಲಿಲ್ಲ, ಹಾಗಾಗಿ ನಾನು ಅರ್ಧ ಬೆಳೆದದ್ದು ಅವರ ಮನೆಯಲ್ಲೇ. ಆಕೆಗೊಂದು ಕೆಟ್ಟ ಚಟವಿತ್ತು. ಟೈಮ್ ಎಷ್ಟು ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಎದುರಿಗೆ ಯಾರಿದ್ದರೂ ಸರಿ, ಅವರ ಮಣಿಕಟ್ಟು ಹಿಡಿದು, ನಲ್ಲಿ ತಿರುವಿದಂತೆ ತನ್ನ ಕಡೆ ತಿರುಗಿಸಿಕೊಂಡು, ವಾಚು ನೋಡಿ, "ಹತ್ತಾತು ನೋಡು" ಎಂದು ಅವರಿಗೇ ಹೇಳುತ್ತಿದ್ದಳು. ಬಸ್ಸಿನಲ್ಲಿ ಪಕ್ಕ ಕುಳಿತವಳು, ಮೀಟರ್ ನೋಡಲು ಬಂದ ಕರೆಂಟಿನವನು, ಹಬ್ಬಕ್ಕೆ ಬಂದ ಬೀಗರು, ಯಾರ ಕೈಯನ್ನೂ ಬಿಟ್ಟವಳಲ್ಲ. ಮಂದಿಯ ಕೈಯನ್ನು ಹಾಗೆಲ್ಲ ಎಳೆಯಬಾರದು ಎಂದು ನಾನು ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ನಾ ಏನು ಕಿತ್ಕೊಂತೀನೇನಲೇ? ನೋಡೂದಷ್ಟ" ಎನ್ನುತ್ತಿದ್ದಳು.

ಈ ಚಟ ಎಲ್ಲಿಂದ ಬಂತು ಎಂಬುದನ್ನು ಅವ್ವ ಹೇಳಿದ್ದಳು. ಅಕ್ಕತಂಗಿಯರು ಕಂಪ್ಲಿಯಲ್ಲಿ ಬೆಳೆದವರು. ಅಲ್ಲಿಯ ಶಾಲೆಯ ಟೀಚರೊಬ್ಬರು ಎಡಗೈಗೆ ಬರೇ ವಾಚು ಕಟ್ಟಿಕೊಂಡು ಬರುತ್ತಿದ್ದರಂತೆ. ಬೆಲ್ ಹೊಡೆಯುವ ಹೊತ್ತಾಯಿತೇ ನೋಡು ಎಂದು ದೊಡ್ಡವ್ವನನ್ನು ಕರೆದು ಕೈ ಚಾಚುತ್ತಿದ್ದರಂತೆ. ಗಡಿಯಾರ ನೋಡುವುದನ್ನು ಆಕೆ ಕಲಿತದ್ದು ಆ ಕೈಯ ಮೇಲೆ. ಏಳನೆಯ ತರಗತಿ ಮುಗಿಯುತ್ತಲೇ ಲಗ್ನವಾಯಿತು. ಕೈ ತುಂಬ ಬಳೆ ಬಂದವು, ವಾಚಿನ ಆಸೆ ಬಾಯಿಗೆ ಬಾರದೆ ಒಳಗೇ ಉಳಿಯಿತು.

ನಾನು ಹತ್ತನೆಯ ತರಗತಿ ಪಾಸಾದಾಗ ಬಜಾರಿಗೆ ಕರೆದುಕೊಂಡು ಹೋಗಿ ನನ್ನ ಕೈಗೆ ಮೊದಲ ವಾಚು ಕಟ್ಟಿಸಿದವಳು ಆಕೆಯೇ. ಬಿಳಿ ಮುಖ, ದಪ್ಪ ಅಂಕಿ. ಬಕಲ್ ತಾನೇ ಹಾಕಿದಳು. "ಈಗ ಕಟ್ಕೋವ್ವಾ. ಲಗ್ನಾದ ಮ್ಯಾಲೆ ಕೈಯಾಗ ಜಾಗ ಇರಂಗಿಲ್ಲ" ಎಂದಳು. ಹೊಸ ವಾಚಿನ ಹುಮ್ಮಸ್ಸಿನಲ್ಲಿ ಆ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಮೇಲೆ ಅದಿರಿನ ಕಾಲ ಬಂತು. ಪಾಪಿನಾಯಕನಹಳ್ಳಿಯ ಕಡೆ ದೊಡ್ಡಪ್ಪನಿಗೆ ಹುರುಳಿಯೂ ಸರಿಯಾಗಿ ಬೆಳೆಯದ ಕಲ್ಲು ಹೊಲವಿತ್ತು. ಅದಿರಿನ ಗುಡ್ಡೆ ಹಾಕಲು ಜಾಗ ಬೇಕೆಂದು ಜನ ಅದನ್ನೇ ಹುಡುಕಿಕೊಂಡು ಬಂದರು. ಹೊಲ ಬಾಡಿಗೆಗೆ ಹೋಯಿತು, ಬಂದ ದುಡ್ಡಿಗೆ ಲಾರಿ ಬಂತು, ಲಾರಿಯ ಹಿಂದೆ ಇನ್ನೊಂದು ಲಾರಿ. ಮನೆಗೆ ಮಹಡಿ ಎದ್ದಿತು, ಬಾಗಿಲಿಗೆ ಕಾರು ಬಂತು. ಊರಿಗೆ ಊರೇ ಹಾಗಿತ್ತು ಆಗ. ಒಗೆದು ಹಾಕಿದ ಬಿಳಿ ಅಂಗಿ ಒಣಗುವುದರೊಳಗೆ ಕೆಂಪಗಾಗುತ್ತಿತ್ತು. ಆದರೂ ಯಾರೂ ಬೈಯುತ್ತಿರಲಿಲ್ಲ, ಧೂಳೇ ದುಡ್ಡಾಗಿತ್ತಲ್ಲ.

ಸಂಡೂರಿನಲ್ಲಿ ಒಂದು ಮದುವೆ. ದೊಡ್ಡಪ್ಪನ ಲಾರಿಗಳು ಯಾರ ಗಣಿಯ ಅದಿರು ಹೊರುತ್ತಿದ್ದವೋ ಆ ಮಾಲೀಕರ ಮನೆಯದು. ಅಕ್ಷತೆಗೆ ತಡವಾಗುತ್ತಿತ್ತು. ಅಷ್ಟರಲ್ಲಿ ಮಾಲೀಕರ ಹೆಂಡತಿ ಬಂದು ನಮ್ಮ ಪಕ್ಕ ಕುಳಿತರು. ಅವರ ಕೈಯಲ್ಲಿ ಕಲ್ಲು ಹೊಳೆಯುವ ಪುಟ್ಟ ವಾಚು. ನಾನು ಬೇಡ ಬೇಡ ಎಂದು ಕಣ್ಸನ್ನೆ ಮಾಡುವಷ್ಟರಲ್ಲಿ ದೊಡ್ಡವ್ವ ಆ ಕೈ ಹಿಡಿದು ತಿರುಗಿಸಿಯೇಬಿಟ್ಟಳು. ಹತ್ತಿರ ತಂದಳು, ಬೆಳಕಿಗೆ ಹಿಡಿದಳು.

"ಅಯ್ಯ ಯವ್ವಾ, ಇದರಾಗ ಒಂದ ಅಂಕಿ ಇಲ್ಲಲ್ರೀ! ಟೈಮ್ ಹೆಂಗ ನೋಡ್ತೀರಿ?"

"ನೋಡಾಕಲ್ರೀ ಇದು, ಹಾಕ್ಕೊಳ್ಳಾಕ" ಎಂದು ಆಯಮ್ಮ ನಕ್ಕರು. ಸುತ್ತಲಿದ್ದವರೂ ನಕ್ಕರು. ದೊಡ್ಡಪ್ಪ ನಗಲಿಲ್ಲ.

"ಮಂದಿ ಕೈ ಹಿಡದು ಟೈಮ್ ನೋಡಾಕ ನಮಗೇನು ಬಡತನ ಬಂದೈತಿ?" ಕಾರಿನಲ್ಲಿ ದೊಡ್ಡಪ್ಪ ಕೂಗಾಡಿದ. "ಅದರಪ್ಪನಂಥಾ ವಾಚು ಕೊಡಿಸ್ತೀನಿ ನಿನಗ. ಫಾರಿನ್‌ದು."

ದೊಡ್ಡವ್ವ ಕಿಟಕಿಯಾಚೆ ನೋಡುತ್ತ, "ಅಂಕಿ ಇರ್ಲಿ" ಎಂದಳು. ಆ ದನಿಯಲ್ಲಿದ್ದ ಆಸೆ ನನಗೂ ಗೊತ್ತಾಯಿತು.

ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನನಗೆ ಸಿಗುತ್ತಿದ್ದುದೇ ಭಾನುವಾರ. "ನಿನಗ ಇಂಗ್ಲಿಷ್ ಬರ್ತೈತಿ, ಜೋಡಿ ಬಾ" ಎಂದು ಅದನ್ನೂ ದೊಡ್ಡಪ್ಪ ಕಿತ್ತುಕೊಂಡ. ಮೊದಲು ಹೊಸಪೇಟೆಯಲ್ಲೇ ಹೊಸದಾಗಿ ತೆರೆದ ಎಸಿ ಅಂಗಡಿ. ದೊಡ್ಡಪ್ಪ ವಾಚು ನೋಡುತ್ತಲೇ ಇರಲಿಲ್ಲ, ಅದಕ್ಕೆ ಕಟ್ಟಿದ ಚೀಟಿ ನೋಡುತ್ತಿದ್ದ. "ಇದಕ್ಕಿಂತ ದುಬಾರಿದು ತೋರ್ಸು" ಎನ್ನುವುದೊಂದೇ ಮಾತು. ದುಬಾರಿ ಆದಷ್ಟೂ ಅಂಕಿ ಮಾಯವಾಗುತ್ತಿದ್ದವು. ಮೊದಲು ಅಂಕಿಯ ಬದಲು ಗೆರೆ, ಆಮೇಲೆ ಗೆರೆಯ ಬದಲು ಕಲ್ಲು, ಕೊನೆಗೆ ಕಲ್ಲೂ ಇಲ್ಲದ ಬೋಳು ಮುಖ. ಮುಖವಾದರೂ ಎಷ್ಟು? ಕಡಲೆಕಾಳಿಗಿಂತ ಚೂರು ದೊಡ್ಡದು. ಅಂಕಿ ಇರುವ ದೊಡ್ಡ ವಾಚು ಕೇಳಿದರೆ ಅಂಗಡಿಯವನು, "ಅವು ಜೆಂಟ್ಸ್ ಬರ್ತಾವ್ರಿ ಮೇಡಂ" ಎಂದು ಗಂಡಸರ ಪೆಟ್ಟಿಗೆಯ ಕಡೆ ಕೈ ತೋರಿಸುತ್ತಿದ್ದ. ಹೆಂಗಸರಿಗೆ ಟೈಮ್ ಗೊತ್ತಾಗಬಾರದು ಎಂದು ಯಾವ ದೇಶದಲ್ಲಿ ಯಾವ ಪುಣ್ಯಾತ್ಮ ತೀರ್ಮಾನ ಮಾಡಿದನೋ!

ಬಳ್ಳಾರಿಗೆ ಹೋದೆವು. ಅಲ್ಲಿ ಅಂಕಿ ಇರುವುದೊಂದು ಸಿಕ್ಕಿತು, ಆದರೆ ಪಟ್ಟಿ ತೊಗಲಿನದು. ದೊಡ್ಡವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಲಿಂಗ ಇಟ್ಕೊಂಡು ಪೂಜಿ ಮಾಡೂ ಕೈ ಅದು. ತೊಗಲು ಕಟ್ಟಂತೀಯಲ್ಲ?"

"ಪೂಜಿ ಹೊತ್ತಿಗೆ ಬಿಚ್ಚಿಡು ದೊಡ್ಡವ್ವಾ!"

"ಬಿಚ್ಚಿದ್ರೂ ಹತ್ತಿದ್ದು ಹತ್ತಿದಂಗ."

ಬಿಸಿಲಲ್ಲಿ ಹೋಗಿ, ಮಿರ್ಚಿ ತಿಂದು, ಅದಿರು ಲಾರಿಗಳ ಸಾಲಿನ ಹಿಂದೆ ಧೂಳು ಕುಡಿಯುತ್ತ ಬರಿಗೈಯಲ್ಲಿ ವಾಪಸು. ನನಗೆ ಇಬ್ಬರ ಮೇಲೂ ಸಿಟ್ಟು. ಒಬ್ಬನಿಗೆ ಊರು ನೋಡುವಂಥ ವಾಚು ಬೇಕು, ಇನ್ನೊಬ್ಬಳಿಗೆ ತಾನು ನೋಡುವಂಥದ್ದು ಬೇಕು, ಅತ್ತ ದರಿ ಇತ್ತ ಪುಲಿ ಎಂಬಂತೆ ನಡುವೆ ನಾನು.

ಕೊನೆಗೆ ಬೆಂಗಳೂರು. ಬಾಗಿಲಲ್ಲಿ ಸೆಲ್ಯೂಟ್ ಹೊಡೆಯುವ ಕಾವಲುಗಾರ, ಒಳಗೆ ಕಾಫಿ. ಮಖಮಲ್ಲಿನ ತಟ್ಟೆ ಹಿಡಿದು ಬಂದ ಹುಡುಗಿ ಇಂಗ್ಲಿಷಿನಲ್ಲಿ ಶುರುಮಾಡುವ ಮೊದಲೇ ದೊಡ್ಡವ್ವ ಅವಳ ಮಣಿಕಟ್ಟು ಹಿಡಿದು ತಿರುಗಿಸಿದ್ದಳು. ಆ ಹುಡುಗಿ ಕಟ್ಟಿದ್ದು ಫುಟ್‌ಪಾತಿನಲ್ಲಿ ಸಿಗುವಂಥ ಸಾದಾ ವಾಚು, ಹನ್ನೆರಡೂ ಅಂಕಿ ಇದ್ದವು. "ನೋಡು, ಎಷ್ಟು ಚಂದ ಐತಿ! ಇಂಥಾದ್ದು ಕೊಡವ್ವ" ಎಂದಳು. ಹುಡುಗಿ ನಾಚಿ, "ಇದು ಇಲ್ಲಿ ಸಿಗಲ್ಲ ಆಂಟಿ" ಎಂದಳು. ದೊಡ್ಡಪ್ಪ ಮುಖ ಆಚೆ ತಿರುಗಿಸಿದ.

ಆದರೆ ಆ ಹುಡುಗಿಗೆ ಅರ್ಥವಾಗಿತ್ತು. ಒಳಗೆ ಹೋಗಿ ಎಲ್ಲಿಂದಲೋ ಒಂದು ತಂದಳು. ಸ್ವಿಸ್ ವಾಚು. ಬಂಗಾರದ ಬಣ್ಣದ, ಸಣ್ಣಗೆ ಹೆಣೆದ ಚೈನು, ಬಿಳಿ ಮುಖ, ತೆಳುವಾದ ಕಪ್ಪು ಅಂಕಿ. ಬೆಲೆ ಕೇಳಿ ದೊಡ್ಡಪ್ಪನಿಗೂ ಸಮಾಧಾನವಾಯಿತು. ದೊಡ್ಡವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದಳು. ಅಬ್ಬಾ, ಮುಗಿಯಿತು ಎಂದುಕೊಂಡೆ.

"ಕಟ್ಟಿ ನೋಡಿ ಆಂಟಿ. ಈ ಕೈ ಬಳೆ ಸ್ವಲ್ಪ ತೆಗೀಬೇಕು" ಎಂದಳು ಹುಡುಗಿ.

ಕೈ ಸರಕ್ಕನೆ ಹಿಂದೆ ಹೋಯಿತು. ಬಳೆ ತೆಗೆದರೆ ಗಂಡನ ಆಯುಷ್ಯಕ್ಕೆ ಕುಂದು. ತೆಗೆಯದೆ ಕಟ್ಟಿದರೆ ಚೈನು ಬಡಿದು ಗಾಜು ಒಡೆಯುತ್ತದೆ, ಅದು ಇನ್ನೂ ಅಪಶಕುನ. ಬಲಗೈಯಲ್ಲೂ ಅಷ್ಟೇ ಬಳೆ. ಬಳೆಗಳ ಮೇಲೆ ಮೊಣಕೈ ಹತ್ತಿರ ಕಟ್ಟಲು ಹೋದರೆ ಚೈನು ಸಾಲದು. ನನಗೆ ತಡೆಯಲಾಗಲಿಲ್ಲ. ಅಂಗಡಿಯೆಂಬುದನ್ನೂ ಮರೆತು ಕೂಗಿದೆ: "ನಾಕು ಬಳಿ ತಗದ್ರ ಆಕಾಶ ಕೆಳಗ ಬೀಳ್ತೈತೇನು?"

ದೊಡ್ಡವ್ವ ದನಿ ತಗ್ಗಿಸಿದಳು. ನಾಲ್ಕು ಹೆಜ್ಜೆ ಆಚೆ ದೊಡ್ಡಪ್ಪ ದುಡ್ಡು ಕಟ್ಟುವಲ್ಲಿ ನಿಂತಿದ್ದ. "ಅವ್ರು ಇರೂ ತನಕ ಈ ಕೈ ಖಾಲಿ ಆಗಬಾರದು. ಅವರಿಗೇನರ ಆದ್ರ, ನಾ ಬಳಿ ತಗದಿದ್ದಕ್ಕ ಆತು ಅಂತ ಸಾಯೂ ತನಕ ಅಂದ್ಕೊಂತೀನಿ. ಬ್ಯಾಡ ಬಿಡವ್ವಾ."

ವಾಚು ಕೈಗೇರದೆ ಡಬ್ಬಿಯಲ್ಲೇ ಹೊಸಪೇಟೆಗೆ ಬಂತು, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಕುಳಿತಿತು. ಊಟವಾದ ಮೇಲೆ ಒಮ್ಮೊಮ್ಮೆ ದೊಡ್ಡವ್ವ ಡಬ್ಬಿ ತೆಗೆದು, ವಾಚನ್ನು ಕಿವಿಗೆ ಹಿಡಿಯುತ್ತಿದ್ದಳು. ಅದನ್ನು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಕಟ್ಕೊಳ್ಳಂಗಿಲ್ಲ ಅಂದ್ರ ಯಾಕ ತಗೊಂಡಿ?" ಎಂದರೆ, "ನಡ್ಯಾಕ ಹತ್ತೈತಲ್ಲ, ಸಾಕು" ಎನ್ನುತ್ತಿದ್ದಳು. ನನ್ನ ಮಣಿಕಟ್ಟು ಹಿಡಿದು ತಿರುಗಿಸುವುದು ಮಾತ್ರ ನಿಲ್ಲಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ದೊಡ್ಡಪ್ಪ ಚಹಾ ಕುಡಿಯುತ್ತ ಕುಳಿತಲ್ಲೇ ಹೋಗಿಬಿಟ್ಟ. ಎಷ್ಟು ಬಳೆ ಇದ್ದರೇನು! ಓಣಿಯ ಮುದುಕಿಯರು ಬಂದರು. ದೊಡ್ಡವ್ವನ ಕೈ ಹಿಡಿದು ಬಳೆ ಒಡೆಯಲು ಕುಳಿತರು. ನಾನು ಬಾಯಿಗೆ ಬಂದಂತೆ ಬೈದೆ, ನನ್ನನ್ನು ಪಕ್ಕಕ್ಕೆ ತಳ್ಳಿದರು. ಅಷ್ಟು ಹೊತ್ತು ಅಳುತ್ತಿದ್ದ ದೊಡ್ಡವ್ವ ತಲೆ ಎತ್ತಿ, "ಯಾರೂ ಮುಟ್ಟಬ್ಯಾಡ್ರಿ" ಎಂದಳು. ಕೊಬ್ಬರಿ ಎಣ್ಣೆ ತರಿಸಿ, ಕೈಗೆ ಸವರಿ, ಒಂದೊಂದೇ ಬಳೆಯನ್ನು ತಾನೇ ಜಾರಿಸಿ ತೆಗೆದಳು. ಒಂದೂ ಒಡೆಯಲಿಲ್ಲ. ಬಳೆ ಇದ್ದ ಕಡೆಯೆಲ್ಲ ಚರ್ಮ ಬಿಳಿಚಿಕೊಂಡಿತ್ತು. ಆ ಕೈ ಯಾರದೋ ಬೇರೆಯವರದು ಎನ್ನಿಸಿ ನನಗೆ ನೋಡಲಾಗಲಿಲ್ಲ.

ದೊಡ್ಡಪ್ಪನ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ಮನೆ ತುಂಬ ಜನ. ದೊಡ್ಡವ್ವ ಒಳಗಿನಿಂದ ಬಂದಳು. ಎಡಗೈಯಲ್ಲಿ ಆ ವಾಚು, ಬಿಳಿಚಿದ ಚರ್ಮದ ಮೇಲೆ. ಪಿಸುಪಿಸು ಶುರುವಾಯಿತು. "ಗಂಡ ಹೋದ ಮ್ಯಾಲೆ ಎಂಥಾ ಸಿಂಗಾರಬೇ ಇದು?" ಎಂದು ಒಬ್ಬಳು ಕೇಳಿಯೇಬಿಟ್ಟಳು.

"ಸಿಂಗಾರಲ್ಲವ್ವಾ," ಎಂದಳು ದೊಡ್ಡವ್ವ. "ಬಳೀನೂ ಅವ್ರ ತಂದಿದ್ದು, ಇದೂ ಅವ್ರ ತಂದಿದ್ದು. ಬರಿಗೈಲೆ ಇರಾಕ ನನಗ ಬರಂಗಿಲ್ಲ."

ಗೆದ್ದಳು ಎಂದು ನಾನು ಹಿಗ್ಗಿದೆ. ಅದು ನನ್ನ ಅವಸರ. ವಾಚು ಬಂದಿತೇ ಹೊರತು ಉಳಿದ ಕಟ್ಟುಪಾಡುಗಳು ಎಲ್ಲಿಗೂ ಹೋಗಿರಲಿಲ್ಲ. ಒಂದೆರಡು ವರ್ಷದ ಮೇಲೆ ನನ್ನ ಮದುವೆ ಬಂತು. ಬಳೆ ಇಡಿಸುವ ದಿನ ನಡುಮನೆಯಲ್ಲಿ ಬಳೆಗಾರ ಬಳೆ ಹರಡಿಕೊಂಡು ಕುಳಿತಿದ್ದ, ಮುತ್ತೈದೆಯರು ಸುತ್ತ ಸೇರಿದ್ದರು. ದೊಡ್ಡವ್ವ ಮಾತ್ರ ಅಡುಗೆಮನೆಯ ಹೊಸ್ತಿಲಾಚೆ.

"ಒಳಗ ಬಾ ದೊಡ್ಡವ್ವಾ" ಎಂದು ಕರೆದೆ.

"ಇಲ್ಲೇ ಚೊಲೋ ಐತಿ. ನೀ ಕುಂದ್ರು."

ಇನ್ನೊಮ್ಮೆ ಕರೆದೆ. ಎದ್ದು ಹೋಗಲು ನೋಡಿದೆ, ಅವ್ವ ಕೈ ಜಗ್ಗಿ ಕೂರಿಸಿದಳು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ನನ್ನನ್ನು ಸಾಕಿ ಬೆಳೆಸಿದ ಹೆಂಗಸಿಗೆ ತನ್ನ ತಂಗಿಯ ಮನೆಯ ನಡುಮನೆಗೆ ಬರಲು ಧೈರ್ಯವಿಲ್ಲ, ಕರೆದುಕೊಂಡು ಬರಲು ನನಗೆ ಬಲವಿಲ್ಲ. ಬಳೆಗಾರ ನನ್ನ ಎಡಗೈಯ ವಾಚು ಬಿಚ್ಚಿ ಪಕ್ಕಕ್ಕಿಟ್ಟು ಬಳೆ ಏರಿಸತೊಡಗಿದ. ಮಣಿಕಟ್ಟು ತುಂಬುತ್ತ ಬಂತು.

"ಏ ಅಪ್ಪಾ, ಪೂರಾ ತುಂಬಬ್ಯಾಡ. ಅಕಿ ವಾಚಿಗೆ ಜಾಗ ಬಿಡು" ಎಂದು ಹೊಸ್ತಿಲಿನಿಂದ ದನಿ ಬಂತು.

ಹಿರಿಯಳೊಬ್ಬಳು, "ಮದಿಮಗಳ ಕೈ ಖಾಲಿ ಬಿಡ್ತಾರೇನ? ಹಾಕಪಾ ನೀ" ಎಂದಳು. ಬಳೆಗಾರ ಇನ್ನೊಂದು ಬಳೆ ಎತ್ತಿಕೊಂಡ.

ಆಗ ದೊಡ್ಡವ್ವ ಹೊಸ್ತಿಲು ದಾಟಿದಳು. ಯಾರ ಮುಖವನ್ನೂ ನೋಡಲಿಲ್ಲ. ಮುತ್ತೈದೆಯರ ನಡುವೆ ದಾರಿ ಮಾಡಿಕೊಂಡು ಬಂದು ಕುಳಿತು, ಎಂದಿನಂತೆ ನನ್ನ ಮಣಿಕಟ್ಟು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಬಳೆಗಳನ್ನು ಮೇಲಕ್ಕೆ ಸರಿಸಿ, ತನ್ನ ಎರಡು ಬೆರಳನ್ನು ನನ್ನ ಮಣಿಕಟ್ಟಿನ ಮೇಲೆ ಅಡ್ಡ ಇಟ್ಟಳು.

"ಇಷ್ಟು. ಇದರ ಮ್ಯಾಲೆ ಒಂದೂ ಬ್ಯಾಡ."

ಬಳೆಗಾರ ಎತ್ತಿಕೊಂಡಿದ್ದನ್ನು ಕೆಳಗಿಟ್ಟ. ದೊಡ್ಡವ್ವ ತಾನೇ ಕೊಡಿಸಿದ್ದ ನನ್ನ ಹಳೆಯ ವಾಚನ್ನು ಆ ಜಾಗದಲ್ಲಿ ಕಟ್ಟಿ, ಬಕಲ್ ಹಾಕಿ, ಎದ್ದು ಅಡುಗೆಮನೆಗೆ ಹೋದಳು.

ದೊಡ್ಡವ್ವ ಈಗಿಲ್ಲ. ಆಕೆಯ ಸ್ವಿಸ್ ವಾಚು ಸೊಸೆಯ ಬೀರುವಿನಲ್ಲಿದೆ, ನನಗದು ಬೇಕೆನ್ನಿಸಲೂ ಇಲ್ಲ. ನನ್ನ ಪಾಲಿನದನ್ನು ಆಕೆ ಅಂದೇ ಕೊಟ್ಟಾಗಿತ್ತು. ನನ್ನ ಮಗಳ ಮದುವೆಗೆ ಬಳೆಗಾರನನ್ನು ಕರೆಸುವ ದಿನ ಬಂದರೆ, ಎಷ್ಟು ಜಾಗ ಬಿಡಬೇಕೆಂದು ಅವನಿಗೆ ಹೇಳಲು ನನ್ನ ಎರಡು ಬೆರಳು ತಯಾರಿವೆ.