ಗಾಳಿಯನ್ನೂ ತೂಗುತ್ತಿದ್ದ ಪಾರ್ಸೆಲ್ ಅಕ್ಕ

ಪಾರ್ಸೆಲ್ ಅಕ್ಕನ ಎಡಗೈಯಲ್ಲಿ ಆರು ಹಸಿರು ಗಾಜಿನ ಬಳೆ, ಅವುಗಳ ಹಿಂದೆ ಮೊಣಕೈಯತ್ತ ಸರಿಸಿಕೊಂಡ ಒಂದು ಕಂದು ಟೇಪಿನ ಸುರುಳಿ. ಬೆಳಿಗ್ಗೆ ತೊಟ್ಟ ಹೊಸ ಸುರುಳಿ ಸಂಜೆಗೆ ಬರೀ ರಟ್ಟಿನ ಬಳೆಯಾಗಿ ಉಳಿಯುತ್ತಿತ್ತು. ಅವರು ಕತ್ತರಿ ಹಿಡಿದದ್ದನ್ನು ನಾನು ನೋಡಿಲ್ಲ. ಟೇಪನ್ನು ಚರ್ರೆಂದು ಎಳೆದು, ಅಂಚನ್ನು ಕೋರೆಹಲ್ಲಿಗೆ ಕೊಟ್ಟು, ತಲೆಯನ್ನೊಮ್ಮೆ ಕೊಡವಿದರೆ ಮುಗಿಯಿತು. ಬಾಯಲ್ಲಿ ಟೇಪಿದ್ದಾಗಲೂ ಮಾತು ನಿಲ್ಲುತ್ತಿರಲಿಲ್ಲ.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮುಂದಿನ ಅರ್ಧ ಅವರದು. ಒಂದು ಮೇಜು, ಒಂದು ತಕ್ಕಡಿ, ಗೋಡೆಗೊರಗಿಸಿದ ಹಳೆಯ ರಟ್ಟಿನ ಡಬ್ಬಗಳು. ಕೊರಿಯರ್ ಏಜೆನ್ಸಿ ಇದ್ದದ್ದು ಗಂಡನ ಹೆಸರಿನಲ್ಲಿ. ಗಂಡ ಲಾರಿ ಓಡಿಸುತ್ತ ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಮೇಜಿನ ಹಿಂದೆ ಸದಾ ಇದ್ದದ್ದು ಅಕ್ಕ. ಓದಿದ್ದು ನಾಲ್ಕನೇ ಕ್ಲಾಸು.

ನಾನಾದರೋ ಅದೇ ಊರಿನಿಂದ ಬಸ್ಸಿನಲ್ಲಿ ಓಡಾಡುತ್ತ ಇಪ್ಪತ್ತೆರಡು ವರ್ಷ ಚಾಮರಾಜನಗರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸಿದವನು. ಮಕ್ಕಳು ಕಡಿಮೆಯಾಗಿ ಶಾಲೆ ಬಾಗಿಲು ಹಾಕಿದಾಗ ನನಗೆ ನಲವತ್ತೊಂಬತ್ತು. ಚಿಂತೆ ಮಾಡುವುದು ನನಗೆ ಮೊದಲಿಂದಲೂ ಕೈಬಂದ ಕಸುಬು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ಓಡಿ ಬಂದು, ಆಫ್ ಆಗಿರುವುದನ್ನು ನೋಡಿ, ಮುಂದಿನ ಬಸ್ಸಿನಲ್ಲಿ ಕೂತ ಮೇಲೆ ಬಾಗಿಲು ಹಾಕಿದೆನೋ ಎಂದು ಬೆವರುವವನು. ಅಂಥವನಿಗೆ ಕೆಲಸವೂ ಹೋದರೆ ಕೇಳಬೇಕೆ? ನನ್ನ ಮುಖ ನೋಡಲಾರದೆ ಹೆಂಡತಿಯೇ ಒಂದು ದಾರಿ ಹುಡುಕಿದಳು. ಚಂದಕವಾಡಿಯ ಹತ್ತಿರ ಬಿದಿರಿನ ಮೊರ ಹೆಣೆಯುವ ಅಜ್ಜಿಯೊಬ್ಬರು ಅವಳಿಗೆ ಗೊತ್ತಿದ್ದರು. ಗೌರಿಹಬ್ಬಕ್ಕೆ ಬಾಗಿನದ ಮೊರ ಸಿಗುವುದಿಲ್ಲ ಎಂದು ದೂರದ ಊರುಗಳಲ್ಲಿರುವ ನಮ್ಮ ನೆಂಟರೆಲ್ಲ ಪ್ರತಿ ವರ್ಷ ಗೋಳಾಡುತ್ತಿದ್ದರು. ಅಜ್ಜಿಯ ಮೊರದ ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಿದೆವು. ಜೋಡಿಗೆ ನಾನೂರ ಎಂಬತ್ತು ರೂಪಾಯಿ. ಯಾರೂ ಕೊಳ್ಳದಿದ್ದರೆ ಎಂಬ ಹೆದರಿಕೆಯಿಂದ ನಾನೇ ಕೆಳಗೆ ದಪ್ಪ ಅಕ್ಷರದಲ್ಲಿ ಸೇರಿಸಿದೆ: ಡೆಲಿವರಿ ಉಚಿತ.

ವಾರದಲ್ಲಿ ನಲವತ್ತು ಜೋಡಿಗೆ ಹಣ ಬಂತು. ಅಜ್ಜಿ ಇದ್ದ ಬಿದಿರು ಸಾಲದೆ ಇನ್ನಷ್ಟು ತರಿಸಿ, ಎಂಬತ್ತು ಮೊರ ಹೆಣೆದು ಕಳಿಸಿದರು. ಹಬ್ಬಕ್ಕೆ ಇನ್ನು ಹನ್ನೆರಡು ದಿನ.

ಬಾಗಿನವೆಂದರೆ ಒಂದು ಮೊರದಲ್ಲಿ ಧಾನ್ಯ, ಬಳೆ, ಕನ್ನಡಿ, ಅರಿಶಿನ ಕುಂಕುಮ ತುಂಬಿ ಇನ್ನೊಂದನ್ನು ಅದರ ಮೇಲೆ ಕವುಚಿ ಕೊಡುವುದು. ನನ್ನ ಹೆಂಡತಿ ಬಾಗಿನದ ಮೊರ ಬಾಗಿನದ ಹಾಗೆಯೇ ಹೋಗಬೇಕೆಂದು ಪ್ರತಿ ಜೋಡಿಯನ್ನೂ ಮುಖಕ್ಕೆ ಮುಖ ಮುಚ್ಚಿ ಅರಿಶಿನದ ದಾರ ಕಟ್ಟಿದಳು. ಅದಕ್ಕೆ ತಕ್ಕ ಡಬ್ಬ ನಾನು ತಂದೆ. ಒಂದನ್ನು ಮಾದರಿಗೆಂದು ಹೊತ್ತುಕೊಂಡು ಅಕ್ಕನ ಮೇಜಿಗೆ ಹೋದೆ. ತೂಕ ಒಂದು ಕೆಜಿಯ ಒಳಗಿದೆ, ತೊಂಬತ್ತು ರೂಪಾಯಿಗಿಂತ ಹೆಚ್ಚು ಬೀಳದು ಎಂದು ಮನೆಯಲ್ಲೇ ಮೂರು ಸಲ ಲೆಕ್ಕ ಹಾಕಿದ್ದೆ.

ಅಕ್ಕ ಡಬ್ಬವನ್ನು ಒಂದು ಕೈಯಲ್ಲಿ ಎತ್ತಿ ಆಡಿಸಿದರು. "ಏಳ್ನೂರ ಐವತ್ತು ಗ್ರಾಂ ಇರ್ಬೇಕು ಕಣ" ಎಂದರು. ತಕ್ಕಡಿ ಏಳುನೂರ ಅರವತ್ತು ತೋರಿಸಿತು. ಆಮೇಲೆ ಡಬ್ಬದ ಮೇಲೆ ಗೇಣು ಹಾಕತೊಡಗಿದರು. ಅಡ್ಡಕ್ಕೆ, ಉದ್ದಕ್ಕೆ, ಎತ್ತರಕ್ಕೆ.

"ಇದ್ರೊಳಗ ಮೊರ ಎಷ್ಟದ ಮೇಷ್ಟ್ರೆ, ಗಾಳಿ ಎಷ್ಟದ?"

"ಗಾಳಿಯಾ?"

"ಗಾಳಿನೇ ಕಣ. ಐದು ಕೆಜಿ ಮ್ಯಾಲ ಗಾಳಿ ತುಂಬ್ಕ ಬಂದಿದ್ದರಿ. ಮುನ್ನೂರ ನಲವತ್ತು ರೂಪಾಯಿ ಆಯ್ತದ."

ನಾನು ತಕ್ಕಡಿ ತೋರಿಸಿ ವಾದ ಮಾಡಿದೆ. ಅವರು ನಕ್ಕರು. "ಕಂಪ್ನಿಯವ್ರು ತೂಕನೂ ನೋಡ್ತಾರ, ಡಬ್ಬ ಎಷ್ಟು ಜಾಗ ತಿಂತದ ಅಂತನೂ ನೋಡ್ತಾರ. ಯಾವ್ದು ಜಾಸ್ತಿನೋ ಅದ್ಕ ದುಡ್ಡು. ಉದ್ದ, ಅಗಲ, ಎತ್ತರ ಮೂರ್ನೂ ಗುಣಿಸ್ಬುಟ್ಟು ಐದು ಸಾವ್ರದಿಂದ ಭಾಗ್ಸಿ. ನೀವು ಲೆಕ್ಕದ ಮೇಷ್ಟ್ರಂತಲ್ಲ, ಮಾಡಿ, ನೋಡನ."

ಮಾಡಿದೆ. ಐದು ಕೆಜಿ, ಮೇಲೆ ನೂರೆಂಬತ್ತು ಗ್ರಾಂ. ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಡಬ್ಬ ಬರೆದು ಘನಫಲ ಕಲಿಸಿದವನಿಗೆ ಒಂದು ನಿಜವಾದ ಡಬ್ಬ ಕೈಗೆ ಬಂದಾಗ ಘನಫಲ ನೆನಪಾಗಿರಲಿಲ್ಲ. ಬರೀ ಗೇಣು ಹಾಕಿ ಅವರು ಹೇಳಿದ್ದು ಹೇಗೆ ಎಂದು ಕೇಳಿದೆ.

"ಗೇಣುದ್ದ, ಗೇಣಗಲ, ಗೇಣೆತ್ತರ. ಅಷ್ಟು ಗಾಳಿ ಅಂದ್ರ ಒಂದೂವರ ಕೆಜಿ, ಮ್ಯಾಲೊಂಚೂರು. ಇಂಥವು ಎಷ್ಟು ಕೂರ್ತಾವ ಅಂತ ನೋಡದು, ಅಷ್ಟೇಯ."

ಮನೆಗೆ ಬಂದು ಲೆಕ್ಕ ಹಾಕಿದೆ. ಗೇಣು ಇಪ್ಪತ್ತು ಸೆಂಟಿಮೀಟರ್ ಆದರೆ ಒಂದು ಪಾಯಿಂಟ್ ಆರು ಕೆಜಿ. ಅವರ ಗೇಣು ಸರಿಯಾಗಿಯೇ ಹೇಳಿತ್ತು. ಇದನ್ನು ಅವರು ಕಲಿತದ್ದು ಹೂವಿನ ಮಂಡಿಯಲ್ಲಂತೆ. ಮದುವೆಗೆ ಮುಂಚೆ ಓಣಂ ಸಮಯದಲ್ಲಿ ಕೇರಳಕ್ಕೆ ಹೋಗುವ ಲಾರಿಗಳಿಗೆ ಚೆಂಡುಹೂವಿನ ಕುಕ್ಕೆ, ಎಂದರೆ ಬುಟ್ಟಿ, ತುಂಬುತ್ತಿದ್ದರು. "ಲಾರಿಯವ್ನು ಹೂವಿನ ತೂಕ ಕೇಳ್ತಿರ್ನಿಲ್ಲ ಮೇಷ್ಟ್ರೆ. ಕುಕ್ಕ ಎಷ್ಟು ಜಾಗ ಹಿಡೀತದ ಅಂತಿದ್ದ. ಈ ಕಂಪ್ನಿಯವ್ರು ಅದ್ನೇ ಇಂಗ್ಲಿಷ್‌ನಲ್ಲಿ ಯೋಳ್ತಾರ" ಎಂದಿದ್ದರು.

ಆದರೆ ಆ ಸಂಜೆ ಬೆರಗಿಗಿಂತ ಹೆದರಿಕೆಯೇ ದೊಡ್ಡದಾಗಿತ್ತು. ನಾಲ್ಕು ಸಾವಿರ ಲಾಭ ಬರಬೇಕಾದಲ್ಲಿ ಆರು ಸಾವಿರ ನಷ್ಟ. ಹಣ ಹಿಂತಿರುಗಿಸಿದರೆ ನಲವತ್ತು ಮನೆಯವರಿಗೆ ಹಬ್ಬದ ಹೊತ್ತಿಗೆ ಮೊರವಿಲ್ಲ, ಅಜ್ಜಿಯ ಎಂಬತ್ತು ಮೊರ ನಮ್ಮ ನಡುಮನೆಯಲ್ಲಿ. ಗೌರಿಹಬ್ಬ ಕಳೆದ ಮರುದಿನ ಬಾಗಿನದ ಮೊರವನ್ನು ಯಾರೂ ತಿರುಗಿ ನೋಡುವುದಿಲ್ಲ. ಮರುದಿನ ಬೆಳಿಗ್ಗೆಯೇ ಹೋಗಿ ಇದನ್ನೆಲ್ಲ ಅಕ್ಕನಿಗೆ ಒಪ್ಪಿಸಿದೆ. ಅವರು ನನ್ನ ಮಾದರಿ ಡಬ್ಬವನ್ನು ಹಲ್ಲಿನಿಂದಲೇ ಬಿಚ್ಚಿ, ಅರಿಶಿನದ ದಾರ ಸಡಿಲಿಸಿ, ಒಂದು ಮೊರವನ್ನು ಇನ್ನೊಂದರೊಳಗೆ ಕೂರಿಸಿದರು. ಎರಡೂ ಸೇರಿ ಒಂದೇ ಮೊರದಷ್ಟು ಎತ್ತರ.

"ಇಷ್ಟೇ ಕಣ" ಎಂದರು. "ಡಬ್ಬವ ಇಲ್ಲಿಗ ಕುಯ್ದ್ರ ಎರಡು ಕೆಜಿ ಒಳಗ ಕೂರ್ತದ."

ನನ್ನ ಹೆಂಡತಿ ಒಪ್ಪಲಿಲ್ಲ. ಅವಳೇ ಅಂಗಡಿಗೆ ಬಂದಳು. "ಬಾಗಿನದ ಮೊರಾನ ಒಂದರ ಬೆನ್ನಿಗೊಂದು ಕೂರಿಸಿ ಕಳ್ಸೋದಾ ಅಕ್ಕಾ? ತೆಗೆದು ನೋಡಿದವ್ರು ಏನಂದುಕೋತಾರೆ?"

ಅಕ್ಕ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. "ಬಾ ಕಣಮ್ಮಿ, ಕೂತ್ಕ. ಖಾಲಿ ಮೊರ ಬಾಗಿನ ಎಂಗಾಯ್ತದ? ತುಂಬಿದ್ಮ್ಯಾಲ ಬಾಗಿನ. ದಾರಿಲಿ ಅದು ಬರೀ ಸಾಮಾನು. ಅರಿಶಿನದ ದಾರ ಒಂದು ತುಂಡು ಒಳಗಿಟ್ಬುಡು. ಮುಚ್ಚಿ ಕಟ್ಟದು ಆ ಮನೇ ಎಣ್ಮಕ್ಳ ಕೆಲ್ಸ. ಅದ್ನೂ ನೀನೇ ಮಾಡ್ಬುಟ್ರ ಅವ್ರು ಅಬ್ಬ ಏನ್ ಮಾಡಾರು?"

ಹೆಂಡತಿ ಸ್ಟೂಲಿನಿಂದ ಎದ್ದಳು. ಮನೆಗೆ ಬಂದು ಉಳಿದ ಮೂವತ್ತೊಂಬತ್ತು ಗಂಟನ್ನೂ ಬಿಚ್ಚಿದಳು.

ಭಾನುವಾರ ಅಕ್ಕ ನಮ್ಮ ಮನೆಗೇ ಬಂದರು. ನಲವತ್ತು ವಿಳಾಸಗಳನ್ನು ನೆಲದ ಮೇಲೆ ಇಸ್ಪೀಟು ಎಲೆಯ ಹಾಗೆ ಹರಡಿದರು. ಪಿನ್‌ಕೋಡಿನ ಮೊದಲ ಎರಡು ಅಂಕಿ ನೋಡಿದರೆ ಸಾಕು, ಅದು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಒಂದು ದಿನ ನಿಲ್ಲುತ್ತದೆ ಎಂದು ಹೇಳುತ್ತಿದ್ದರು. ಬೆಂಗಳೂರಿನ ಹದಿನೆಂಟು ಜೋಡಿಯನ್ನು ಬೇರೆ ಮಾಡಿದರು. "ಇವ್ಕ ಡಬ್ಬ ಯಾಕ? ಒಂದೇ ಚೀಲಕ್ಕ ತುಂಬಿ ಬಸ್ಸಿಗಾಕಿ. ಅಲ್ಲಿ ನಿಮ್ಮೋರು ಯಾರಾರ ಅವ್ರಾ?" ಭಾಮೈದನಿದ್ದ. ಕೊಂಡವರು ಅವನ ಮನೆಯಿಂದ ಒಯ್ದರೆ ಸಾಗಣೆಯಲ್ಲಿ ಉಳಿದದ್ದರಲ್ಲಿ ಅರವತ್ತು ರೂಪಾಯಿ ವಾಪಸು ಎಂದು ಫೋನು ಮಾಡಿಸಿದರು. ಎಲ್ಲರೂ ಒಪ್ಪಿದರು. ಮೂವತ್ತಾರು ಮೊರ ಒಂದರೊಳಗೊಂದು ಕೂತು ನನ್ನ ಸೊಂಟದೆತ್ತರದ ಕಂಬವಾಯಿತು. ಕೊರಿಯರ್ ಹೋಗದ ಆರು ಹಳ್ಳಿಗಳ ವಿಳಾಸ ಪೋಸ್ಟಾಫೀಸಿಗೆ. ಕೇರಳದ ಕಲ್ಪೆಟ್ಟದ ಒಂದು ಜೋಡಿ ಹೂವಿನ ಲಾರಿಗೆ. ಅದರ ಡ್ರೈವರಿಗೆ ಫೋನಿನಲ್ಲೇ ಮಲಯಾಳಂನಲ್ಲಿ ಹೇಳಿದರು: "ಚೇಟ್ಟಾ, ರಂಡು ಮುರಂ ಉಂಡ್. ಪೊಟ್ಟಿಕ್ಕಲ್ಲೇ." ಎರಡು ಮೊರ ಇವೆ, ಮುರಿಯಬೇಡ ಎಂದು.

ಉಳಿದ ಡಬ್ಬಗಳನ್ನು ಒಂದೊಂದಾಗಿ ಕುಯ್ದು, ಮಡಚಿ, ಅಂಟಿಸಿದರು. ನಾನು ಭಯಕ್ಕೆ ಒಳಗೆಲ್ಲ ಪತ್ರಿಕೆ ಹಾಳೆ ತುರುಕಿದ್ದೆ. ಅದನ್ನು ಹಿಡಿಹಿಡಿಯಾಗಿ ಕಿತ್ತು ಹೊರಗೆ ಹಾಕಿದರು. "ಮೊರ ಕಳಿಸ್ತಿದ್ದರೋ, ಊರಿನ ಸುದ್ದಿ ಕಳಿಸ್ತಿದ್ದರೋ?" ಮೊದಲ ಡಬ್ಬ ಸಿದ್ಧವಾದಾಗ ಎದೆಯೆತ್ತರಕ್ಕೆ ಎತ್ತಿ, ನನ್ನ ಕಣ್ಣೆದುರೇ ಧೊಪ್ಪೆಂದು ಕೆಳಗೆ ಬಿಟ್ಟರು. ನನ್ನ ಬಾಯಿಂದ ಅಯ್ಯೋ ಬಂತು.

"ಈಗ್ಲೇ ಬೀಳ್ಲಿ ಬುಡಿ. ಎಲ್ಲೋ ಬಿದ್ದು ಮುರ್ಯದ್ಕಿಂತ ನಮ್ಮೆದುರಿಗೆ ಮುರ್ದ್ರ ಇನ್ನೊಂದ ಇಡ್ಬೌದು."

ಬಿಚ್ಚಿ ನೋಡಿದೆವು. ಒಂದು ಎಳೆಯೂ ಕದಲಿರಲಿಲ್ಲ. ಮುಂದಿನ ಡಬ್ಬಗಳನ್ನು ಅವರು ನನ್ನ ಕೈಯಿಂದಲೇ ಬೀಳಿಸಿದರು. ಆರನೆಯದರ ಹೊತ್ತಿಗೆ ಕಣ್ಣು ಮುಚ್ಚದೆ ಬೀಳಿಸುವುದನ್ನು ಕಲಿತೆ. ನನ್ನ ಜೀವಮಾನದಲ್ಲಿ ಅದೇನೂ ಸಣ್ಣ ಸಾಧನೆಯಲ್ಲ.

ಕೊನೆಗೆ ಒಂದು ವಿಳಾಸ ಉಳಿಯಿತು. ಅಸ್ಸಾಮಿನ ಯಾವುದೋ ಊರು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. "ಇದು ಅಬ್ಬದೊತ್ತಿಗ ಮುಟ್ಟಲ್ಲ. ಫೋನ್ ಮಾಡಿ ಯೋಳ್ಬುಡಿ."

"ಕಳಿಸಿ ನೋಡೋಣ ಅಕ್ಕಾ. ಅದೃಷ್ಟ ಇದ್ದರೆ ಮುಟ್ಟಬಹುದು" ಎಂದೆ. ನಿಜ ಹೇಳಬೇಕೆಂದರೆ ಫೋನು ಮಾಡಲು ನನಗೆ ಹೆದರಿಕೆ.

"ಆ ಎಣ್ಮಗ ಬಾಗ್ಲು ನೋಡ್ಕಂಡು ಕೂತಿರ್ತಾಳ ಮೇಷ್ಟ್ರೆ. ಇವತ್ತೇ ಗೊತ್ತಾದ್ರ ಬೇರ ಏನಾರ ಮಾಡ್ಕತಾಳ. ಅಬ್ಬದ ದಿನ ಗೊತ್ತಾದ್ರ ಏನ್ ಮಾಡಾಳು?"

ಫೋನು ಮಾಡಿದೆ. ಗಂಡ ಸೈನ್ಯದಲ್ಲಿರುವ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮದುವೆಯಾದ ಮೊದಲ ಗೌರಿ. ನಾನು ತಡವರಿಸಿ ಹೇಳಿ ಮುಗಿಸಿದೆ. "ನಿಧಾನವಾಗೇ ಕಳ್ಸಿ ಸಾರ್. ಈ ವರ್ಷ ತಟ್ಟೇಲಿ ಮಾಡ್ಕೋತೀನಿ. ಮೊರ ಮುಂದಿನ ವರ್ಷಕ್ಕೆ ಇರ್ಲಿ" ಎಂದಳು. ಅವಳದನ್ನು ಅಕ್ಕ ಪೋಸ್ಟಿನಲ್ಲೇ ಕಳಿಸಿಕೊಟ್ಟರು.

ಮಿಕ್ಕ ಮೂವತ್ತೊಂಬತ್ತು ಜೋಡಿಯೂ ಹಬ್ಬಕ್ಕೆ ಮುಂಚೆ ಮುಟ್ಟಿದವು. ಮೊರ ಮುಚ್ಚಿ ದಾರ ಕಟ್ಟುತ್ತಿರುವ ಕೈಗಳ ಫೋಟೋಗಳು ಹೆಂಡತಿಯ ಫೋನಿಗೆ ಒಂದರ ಹಿಂದೊಂದು ಬಂದವು. ನಮಗೆ ಉಳಿದದ್ದು ಹೆಚ್ಚಲ್ಲ, ಆದರೆ ಉಳಿಯಿತು. ಅಜ್ಜಿ ಮುಂದಿನ ವರ್ಷಕ್ಕೆ ನೂರು ಜೋಡಿ ಹೆಣೆಯುತ್ತೇನೆಂದರು. ನಮ್ಮ ಪುಟದಿಂದ ಉಚಿತ ಎಂಬ ಮಾತನ್ನು ಅಕ್ಕನೇ ತೆಗೆಸಿದರು. "ಸಾಗ್ಸದು ಯಾರ್ಗೂ ಪುಕ್ಸಟ್ಟೆ ಅಲ್ಲ. ಎಷ್ಟಾಯ್ತದೋ ಅದ್ನ ಊರಿಂದೂರಿಗ ಬೇರ ಬೇರ ಬರೀರಿ. ಓದ್ದವ್ರಿಗ ಅರ್ಥ ಆಯ್ತದ." ಬರೆದೆ. ಅದರಿಂದ ಒಬ್ಬರೂ ಬಿಟ್ಟುಹೋಗಲಿಲ್ಲ.

ಹೀಗೆ ನಾಲ್ಕು ಗೌರಿಹಬ್ಬ ಕಳೆದವು. ಮೊರದ ಜೊತೆಗೆ ಅರಿಶಿನದ ಕೊಂಬು, ಬಿದಿರಿನ ಬುಟ್ಟಿ ಸೇರಿದವು. ಯಾವ ಹೊಸ ಸಾಮಾನು ಬಂದರೂ ಬೆಲೆ ಕಟ್ಟುವ ಮೊದಲು ಅಕ್ಕನ ಮೇಜಿನ ಮೇಲಿಡುತ್ತಿದ್ದೆ. ಅವರು ಅದನ್ನು ಎತ್ತಿ, ಗೇಣು ಹಾಕಿ, ಕಣ್ಣು ಮುಚ್ಚಿ, ಎಲ್ಲಿಗೆ ಯಾವುದರಲ್ಲಿ ಎಷ್ಟು ಎಂದು ಹೇಳುವುದನ್ನು ನೋಡುತ್ತ ನಿಲ್ಲುವುದೇ ನನಗೊಂದು ಹಬ್ಬ.

ಈ ಬೇಸಿಗೆಯಲ್ಲಿ ಜ್ವರವೆಂದು ಮಲಗಿದ ಅಕ್ಕ ಏಳಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ನಾನು ನೋಡಲು ಹೋದಾಗ ಮಾತಾಡುವ ಸ್ಥಿತಿ ಇರಲಿಲ್ಲ.

ತಿಥಿ ಕಳೆದ ಮೇಲೆ ಅಂಗಡಿಗೆ ಹೋದೆ. ಮೇಜಿನ ಹಿಂದೆ ಅವರ ಗಂಡ. ಲಾರಿ ಬಿಟ್ಟು ಬಂದಿದ್ದರು, ಏಜೆನ್ಸಿಯನ್ನು ಯಾರಿಗಾದರೂ ವಹಿಸುವ ಯೋಚನೆಯಲ್ಲಿದ್ದರು. ಅಕ್ಕನಿಂದ ನಾವು ಉಳಿದುಕೊಂಡ ಮೊದಲ ವರ್ಷದ ಕಥೆಯನ್ನು ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು.

"ಗೊತ್ತು ಬುಡಿ. ಆ ವರ್ಸ ಮನೇಲಿ ದೊಡ್ಡ ಜಗಳ ಆಗಿತ್ತು. ಬಿಲ್ಲು ಎಷ್ಟಾಯ್ತದೋ ಅದ್ರಲ್ಲಿ ನಮ್ಗ ಕಮಿಷನ್ನು. ಡಬ್ಬ ದೊಡ್ದಾದಷ್ಟೂ ನಮ್ಗೇ ಒಳ್ಳೇದು. ಇವ್ಳು ಡಬ್ಬವ ಕುಯ್ದು ಕುಯ್ದು ಸಣ್ಣ ಮಾಡ್ಬುಟ್ಟು, ಅರ್ಧಕ್ಕರ್ಧ ಬಸ್ಸಿಗೂ ಪೋಸ್ಟಿಗೂ ಆಕ್ಸುದ್ಲು. ಏನಮ್ಮಿ ಇದು, ಸೀಜನ್ನಲ್ಲಿ ಬಂದ ಗಿರಾಕಿಯ ಓಡಿಸ್ತಿಯಲ್ಲ ಅಂತ ನಾನೇ ಕೂಗಾಡ್ದಿ."

"ಅಕ್ಕ ಏನಂದರು?"

"ಮೇಷ್ಟ್ರು ಈಗಾಗ್ಲೇ ಅರ್ಧ ಸತ್ತಂಗವ್ರ, ಸುಮ್ಮನಿರು ಅಂದ್ಲು."

ಅವರು ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ನಾಲ್ಕು ವರ್ಷ ಆ ಮೇಜಿನ ಮುಂದೆ ನಿಂತು ನನ್ನ ಲಾಭ, ನನ್ನ ನಷ್ಟ, ನನ್ನ ಭಯ ಎಲ್ಲವನ್ನೂ ಅವರಿಗೆ ಒಪ್ಪಿಸಿದ್ದೆ. ಇದರಲ್ಲಿ ನಿಮಗೆಷ್ಟು ಉಳಿಯುತ್ತದೆ ಅಕ್ಕಾ ಎಂದು ಒಂದು ದಿನವೂ ಕೇಳಿರಲಿಲ್ಲ.