ಕರಿಬೇವಿನ ಕುಂಡದ ಇರುವೆ

ನನ್ನ ಹೆಸರು ಅಚ್ಚಾಗಿದೆ. ಲಗ್ನಪತ್ರಿಕೆಯಲ್ಲಲ್ಲ, ರೇಷನ್ ಕಾರ್ಡಿನಲ್ಲಲ್ಲ. ವಿಜ್ಞಾನಿಗಳೇ ಬರೆದು ವಿಜ್ಞಾನಿಗಳೇ ಓದಿಕೊಳ್ಳುವ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ನನ್ನ ಮೊಮ್ಮಗಳು ಚಾರು ಬರೆದ ಮೊಟ್ಟಮೊದಲ ಲೇಖನದ ಕೊನೆಯಲ್ಲಿ, ಕೃತಜ್ಞತೆ ಹೇಳುವ ನಾಲ್ಕು ಸಾಲಿನಲ್ಲಿ, ಅವಳ ಯುನಿವರ್ಸಿಟಿಯ ದೊಡ್ಡವರ ಹೆಸರುಗಳಿಗಿಂತ ಮೊದಲು ನನ್ನ ಹೆಸರಿದೆ. ಇವತ್ತು ಬೆಳಿಗ್ಗೆ ಏಳೂವರೆಗೆ ಫೋನಿಗೆ ಬಂತು. ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಎಷ್ಟು ಸಲ ನೋಡಿದೆನೆಂದರೆ, ಕೊನೆಗೆ ಫೋನಿಗೇ ಬೇಸರ ಬಂದು ಆರಿಹೋಯಿತು. ನಾಲ್ಕನೆಯ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಇಂಗ್ಲಿಷಿನಲ್ಲಿ ನನ್ನ ಹೆಸರಿನ ಆಕಾರವೊಂದನ್ನು ಬಲ್ಲೆ, ಅದೂ ಪೆನ್ಷನ್ ಪುಸ್ತಕದ ಕೃಪೆಯಿಂದ. ಆ ಆಕಾರ ಅಷ್ಟು ದೊಡ್ಡ ಜಾಗದಲ್ಲಿ ಕೂತಿರುವುದನ್ನು ಕಂಡರೆ ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕಿದ ಹಾಗಿದೆ.

ಸಂತೋಷವನ್ನು ಒಳಗೇ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಆದರೆ ಹೇಳಿಕೊಳ್ಳೋಣವೆಂದರೆ ಅದನ್ನು ಸರಿಯಾಗಿ ಈಸಿಕೊಳ್ಳುವವರೇ ಇಲ್ಲ, ಅದೇ ನನ್ನ ಸಂಕಟ. ನಮ್ಮ ನೋಯ್ಡಾದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕ ಏಳನೆಯ ಮಹಡಿಯ ಗುಪ್ತಾ ಅವರ ಹೆಂಡತಿಗೆ, ಮೊಮ್ಮಗಳು ಇರುವೆಯ ಮೇಲೆ ಬರೆದದ್ದು ಅಚ್ಚಾಗಿದೆ ಎಂದು ನನ್ನ ಹರಕು ಹಿಂದಿಯಲ್ಲಿ ತಿಳಿಸಿದೆ. "ಅಚ್ಛಾ ಮಾತಾಜಿ, ಇರುವೆ ಸಾಯಿಸೋ ಔಷಧಿ ಕಂಡುಹಿಡಿದಳಾ? ನಮ್ಮ ಅಡುಗೆಮನೆಗೂ ಸ್ವಲ್ಪ ಕೊಡಿಸಿ" ಎಂದಳು ಆಕೆ. ತಿಪಟೂರಿನ ತಂಗಿ ಸರೋಜಳಿಗೆ ಫೋನು ಮಾಡಿದೆ. "ಇರುವೇನಾ? ಅದನ್ನ ಹುಡುಕೋಕೆ ಅಷ್ಟೆಲ್ಲ ಓದ್ಬೇಕೇನಕ್ಕಾ? ನಮ್ಮ ಬೆಲ್ಲದ ಡಬ್ಬಿ ಮುಚ್ಚಳ ತೆಗೆದ್ರೆ ಬೇಕಾದಷ್ಟು ಸಿಗ್ತಾವೆ" ಎಂದಳು. ಪೂರ್ತಿ ಕೇಳೇ ಎನ್ನುವಷ್ಟರಲ್ಲಿ ಕುಕ್ಕರ್ ಕೂಗಿತೆಂದು ಫೋನಿಟ್ಟಳು. ಆದ್ದರಿಂದ ಓದುಗ ಮಹಾಶಯರೇ, ಇನ್ನು ನೀವೇ ಗತಿ. ನಿಮ್ಮ ಮನೆಯಲ್ಲೂ ಕುಕ್ಕರ್ ಇಟ್ಟಿದ್ದರೆ ದಯವಿಟ್ಟು ಆರಿಸಿ ಬನ್ನಿ.

ವಿಜ್ಞಾನಕ್ಕೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೇ. ನಮ್ಮ ಮನೆಯಲ್ಲಿ ಬೆಳಿಗ್ಗೆಯ ಕಾಫಿಯೊಂದಿಗೆ ಸೊಸೆ ಮಂಜುಳಾ ಫೋನು ನೋಡುತ್ತ "ವಿಜ್ಞಾನಿಗಳು ಕಂಡುಹಿಡಿದಿದ್ದಾರಂತೆ" ಎಂದು ಶುರುಮಾಡುವುದು ಸುಪ್ರಭಾತದ ಹಾಗೆ ನಿತ್ಯವಿಧಿ. ಕಾಫಿ ಹೃದಯಕ್ಕೆ ಒಳ್ಳೆಯದಂತೆ. ಇನ್ನೊಂದು ದಿನ, ಕಾಫಿ ನಿದ್ರೆಗೆ ವೈರಿಯಂತೆ. ಒಮ್ಮೆ ಅದನ್ನು ನಂಬಿ ಒಂಬತ್ತು ದಿನ ಕಾಫಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು, ಮನೆಯವರನ್ನೆಲ್ಲ ಗದರಿಕೊಂಡು ತಪಸ್ಸು ಮಾಡಿದೆ. ಹತ್ತನೆಯ ದಿನ ಮಂಜುಳಾ, ದಿನಕ್ಕೆ ಎರಡು ಲೋಟ ಕುಡಿದರೆ ಆಯಸ್ಸು ವೃದ್ಧಿಯಂತೆ ಎಂದು ಓದಿದಳು. ಕಳೆದುಹೋದ ನನ್ನ ಒಂಬತ್ತು ದಿನದ ಆಯಸ್ಸನ್ನು ಯಾವ ವಿಜ್ಞಾನಿ ತುಂಬಿಕೊಡುತ್ತಾನೆ? ಒಂದು ತೀರ್ಮಾನಕ್ಕೆ ಬನ್ನಿ ಎಂದು ಗದರುವ ಹೆಂಗಸರು ಇವರ ಮನೆಗಳಲ್ಲಿ ಇಲ್ಲವೇ ಎಂದು ಚಾರುವಿನ ಮೇಲೆ ಹರಿಹಾಯ್ದೆ.

"ಅಜ್ಜಿ, ಅವರು ಹಾಗೆ ಹೇಳಿಯೇ ಇರಲ್ಲ" ಎಂದಳು ಅವಳು. "ಇಷ್ಟು ಜನರನ್ನ ನೋಡಿದ್ವಿ, ಹೀಗೆ ಕಂಡಿತು, ಕಾರಣ ಗೊತ್ತಿಲ್ಲ ಅಂತ ಬರೆದಿರ್ತಾರೆ. ಮಮ್ಮಿಯ ಫೋನಿಗೆ ಬರೋ ಅಷ್ಟರಲ್ಲಿ 'ಗೊತ್ತಿಲ್ಲ' ಅನ್ನೋದು ರಸ್ತೆಯಲ್ಲೇ ಗಿರ್ ಗಯಾ, ಬಿದ್ದೇ ಹೋಗಿರುತ್ತೆ."

ಚಾರು ಹುಟ್ಟಿದ್ದು ಜನಕಪುರಿಯಲ್ಲಿ, ಬೆಳೆದದ್ದು ನೋಯ್ಡಾದಲ್ಲಿ, ಈಗಿರುವುದು ಯುನಿವರ್ಸಿಟಿಗೆ ಹತ್ತಿರವೆಂದು ಮುನಿರ್ಕಾದ ಒಂದು ಬಾಡಿಗೆ ಕೋಣೆಯಲ್ಲಿ. ಭಾನುವಾರ ಮೆಟ್ರೋ ಹಿಡಿದು ಬರುತ್ತಾಳೆ. ಅವಳ ಕನ್ನಡವೂ ನನ್ನ ಹಿಂದಿಯೂ ಒಂದೇ ತರಗತಿಯವು. ಇಬ್ಬರೂ ನಡುದಾರಿಯಲ್ಲಿ ಎಲ್ಲೋ ಭೇಟಿಯಾಗುತ್ತೇವೆ. ಅವಳ ಅಧ್ಯಯನದ ವಿಷಯ ಇರುವೆ. ಮೊಮ್ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ ಬಹಳ ಕಾಲ ನಾನು 'ಸೈನ್ಸು' ಎಂದಷ್ಟೇ ಹೇಳಿ ಉಳಿದುದನ್ನು ನುಂಗಿಕೊಳ್ಳುತ್ತಿದ್ದೆ.

ಚಳಿಗಾಲ ಮುಗಿಯುತ್ತಿದ್ದ ಒಂದು ಭಾನುವಾರ, ಬಾಲ್ಕನಿಯ ಎಳೆಬಿಸಿಲಿನಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ನೆಲಕ್ಕೆ ಹೊಟ್ಟೆಯೂರಿ ಮಲಗಿಬಿಟ್ಟಳು. ತಲೆ ಸುತ್ತಿತೆಂದು ನಾನು ಓಡಿದೆ. "ಅಜ್ಜಿ, ಅಲ್ಲಾಡಬೇಡ" ಎಂದಳು. ನನ್ನ ಕರಿಬೇವಿನ ಕುಂಡದ ಅಂಚಿನಲ್ಲಿ, ಎಳ್ಳಿಗಿಂತ ಸಣ್ಣ, ಹುಣಿಸೆಬೀಜದ ಬಣ್ಣದ ಇರುವೆಗಳು ಸಾಲು ಹೊರಟಿದ್ದವು. ಇವು ದಕ್ಷಿಣದ ಇರುವೆಗಳು, ದೆಹಲಿಯ ಸುತ್ತಮುತ್ತ ಇವನ್ನು ಕಂಡದ್ದಾಗಿ ಯಾರೂ ಬರೆದಿಟ್ಟಿಲ್ಲ ಎಂದು ಅವಳೂ ಹೇಳಿದಳು, ಅವಳ ಮೇಷ್ಟ್ರೂ ಹೇಳಿದರಂತೆ. ಅಲ್ಲಿಂದ ಮೂರು ತಿಂಗಳು ಆ ಬಾಲ್ಕನಿ ನನ್ನದಾಗಿ ಉಳಿಯಲಿಲ್ಲ. ಪೊರಕೆ ಆಡಿಸುವಂತಿಲ್ಲ, ನೀರು ಚೆಲ್ಲುವಂತಿಲ್ಲ, ಹಪ್ಪಳ ಹರವುವಂತಿಲ್ಲ. ಆಯುಷ್ಯವೆಲ್ಲ ಸಕ್ಕರೆ ಡಬ್ಬಿಯ ಸುತ್ತ ಇರುವೆಯೊಂದಿಗೆ ಯುದ್ಧ ಮಾಡಿದ ನನಗೆ, ಮುಪ್ಪಿನಲ್ಲಿ ಅವುಗಳ ಮುಂದೆ ಸದ್ದಿಲ್ಲದೆ ನಡೆಯುವ ಗತಿ ಬಂತು. ಅವಳು ಜೇನಿನ ಹನಿಯಿಟ್ಟು ಎಣಿಸುವಳು, ಬರೆಯುವಳು, ಸಣ್ಣ ಸೀಸೆಗಳಲ್ಲಿ ತುಂಬಿಕೊಂಡು ಹೋಗುವಳು. ಹೀಗೆ ಒಂದು ಭಾನುವಾರ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಅಜ್ಜಿ, ಈ ಕುಂಡ ಎಲ್ಲಿಂದ ತಂದದ್ದು?" ಎಂದು ಕೇಳಿದಳು.

"ನರ್ಸರಿಯಿಂದ" ಎಂದೆ.

ಅದು ಸುಳ್ಳು. ನಾನು ತಿಪಟೂರಿಗೆ ಹೋದಾಗಲೆಲ್ಲ ನನ್ನ ಮಗ ಶ್ರೀಧರ, "ಅಮ್ಮಾ, ಮಣ್ಣು ಮಸಿ ಹೊತ್ಕೊಂಡು ಬರಬೇಡ, ಕರಿಬೇವು ಇಲ್ಲಿ ಸಬ್ಜಿಯ ಭಯ್ಯಾ ಕೊತ್ತಂಬರಿ ಜೊತೆ ಪುಕ್ಕಟೆ ಕೊಡ್ತಾನೆ" ಎಂದು ಕಟ್ಟುನಿಟ್ಟು ಮಾಡುತ್ತಾನೆ. ಪುಕ್ಕಟೆ ಕೊಡುವ ಆ ಎಲೆಗೆ ಪರಿಮಳವೆಂಬುದು ಎಷ್ಟಿದೆಯೆಂದು ಅವನಿಗೇನು ಗೊತ್ತು? ಸರೋಜಳ ಹಿತ್ತಿಲಿನಿಂದ ಒಂದು ಸಸಿಯನ್ನು ಮಣ್ಣಿನ ಸಮೇತ ಕಿತ್ತು, ಹಳೆಯ ಸೀರೆಯಲ್ಲಿ ಸುತ್ತಿ, ಎರಡು ರಾತ್ರಿಯ ರೈಲಿನಲ್ಲಿ ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದವಳು ನಾನು. ನಾಗಪುರ ದಾಟಿದ ಮೇಲೆ ಮೈಮೇಲೆ ಇರುವೆ ಹರಿದಾಡಿದವು. ಎದುರು ಸೀಟಿನವರ ಲಾಡು ಡಬ್ಬಿಯೇ ಕಾರಣವೆಂದು ನಿರ್ಧರಿಸಿ, ಝಾನ್ಸಿಯವರೆಗೂ ಆ ಸಾಧು ಜನರ ಮುಖ ನೋಡಿ ಗುರುಗುಟ್ಟಿದ್ದೆ. ಮನೆಗೆ ಬಂದು ಮಗನಿಗೆ ಅಂಜಿ ನರ್ಸರಿಯದು ಎಂದೆ. ಚಾರು ಕೇಳಿದ ದಿನವೂ ಶ್ರೀಧರ ಒಳಗೆ ಸೋಫಾದ ಮೇಲೆ ಪೇಪರು ಓದುತ್ತಿದ್ದ. ಹಳೆಯ ಸುಳ್ಳು, ಅಭ್ಯಾಸವಾಗಿತ್ತು, ನಾಲಗೆಗೆ ತಾನಾಗಿ ಬಂತು.

ಲೇಖನ ಬರೆದಾಯಿತು. ಮಾರನೆಯ ದಿನ ಪತ್ರಿಕೆಗೆ ಕಳಿಸುವುದೆಂದು ಗೊತ್ತಾದ ಭಾನುವಾರ ಚಾರು ನನ್ನನ್ನು ಎದುರು ಕೂರಿಸಿಕೊಂಡಳು. ನಿನಗೆ ಅರ್ಥವಾದರೆ ಪ್ರಪಂಚಕ್ಕೆ ಅರ್ಥವಾದಂತೆ ಎಂಬುದು ಅವಳ ಲೆಕ್ಕಾಚಾರ; ಹೊಗಳಿಕೆಯೋ ತೆಗಳಿಕೆಯೋ ಇನ್ನೂ ವಿಚಾರಿಸಿಲ್ಲ. "ಅಜ್ಜಿ, ಈ ಇರುವೆ ದಕ್ಷಿಣದಿಂದ ತಾನಾಗಿ ಉತ್ತರಕ್ಕೆ ಹರಡ್ತಾ ಬಂದಿರಬಹುದು. ಇಲ್ಲಿ ಚಳಿ ಕಡಿಮೆ ಆಗ್ತಿರೋದು ಕಾರಣ ಇರಬಹುದು. ಯಾಕಂದ್ರೆ, ಕುಂಡ ಇಲ್ಲೀದೇ. ಬೇರೆ ಕಡೆಯಿಂದ ಬಂದದ್ದಲ್ಲ." ಅವಳ ಮುಖ ದೀಪ ಹಚ್ಚಿಟ್ಟ ಹಾಗಿತ್ತು. ದೆಹಲಿಯಲ್ಲಿ ಚಳಿ ಕಡಿಮೆಯಾಗಿದೆಯೆಂದು ಸಾರುವುದಕ್ಕೆ ಹೊರಟ ಸಾಕ್ಷಿ, ಮಗನಿಗೆ ಹೆದರಿ ನಾನು ಹೇಳಿದ ಒಂದು ಸುಳ್ಳು.

ಅವತ್ತು ಹೇಳಲಿಲ್ಲ. ಲೇಖನವೊಂದೂ ಅಚ್ಚಾಗದೆ ಅವಳ ಪದವಿ ಮುಂದೆ ಸಾಗುವುದಿಲ್ಲವೆಂದು ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಫೋನು ಮಾಡಿ, "ಕಳಿಸಬೇಡ ಕಣೇ" ಎಂದು ಎಲ್ಲವನ್ನೂ ಒಪ್ಪಿಸಿದೆ, ಲಾಡು ಡಬ್ಬಿಯವರೆಗೆ.

ಅವಳು ಮೆಲ್ಲಗೆ, "ಮೂರು ತಿಂಗಳು ಆ ಕುಂಡದ ಮುಂದೆ ಮಲಗಿದ್ದೆ ಅಜ್ಜಿ" ಎಂದು ಫೋನಿಟ್ಟಳು.

ಮನೆಯಲ್ಲಿ ಆದ ರಾಮಾಯಣವನ್ನು ಏನು ಹೇಳಲಿ. ಮಣ್ಣು ತಂದದ್ದಕ್ಕೆ ಶ್ರೀಧರ ಕೂಗಾಡುತ್ತಾನೆಂದು ನಾನು ತಯಾರಾಗಿದ್ದರೆ, ಅವನು ಕೂಗಾಡಿದ್ದು ಬೇರೆಯದಕ್ಕೆ. "ಇಷ್ಟು ದಿನ ಮುಚ್ಚಿಟ್ಟವಳು ಇನ್ನೆರಡು ದಿನ ಸುಮ್ಮನಿದ್ದುಬಿಡಬೇಕಿತ್ತು ಅಮ್ಮಾ. ಒಂದು ಕುಂಡ ಎಲ್ಲಿಂದ ಬಂತು ಅಂತ ಯಾರು ನೋಡೋಕೆ ಬರ್ತಾರೆ? ಆ ಹುಡುಗಿ ಭವಿಷ್ಯ ನೋಡಬಾರದಾ?" ನಲವತ್ತು ವರ್ಷದಿಂದ ಬಾಯಿಬಡುಕಿ ಎಂದು ಹೆಸರಾದವಳು ಒಂದೇ ಒಂದು ವಿಷಯ ಮುಚ್ಚಿಟ್ಟೆ, ಅದಕ್ಕೆ ಅನಾಹುತವಾಯಿತು, ಬಾಯಿ ಬಿಟ್ಟೆ, ಅದಕ್ಕೂ ಬೈಗುಳ. ಈ ಲೋಕದಲ್ಲಿ ಮುದುಕಿಯಾದವಳು ಬಾಯನ್ನು ಯಾವ ಅಳತೆಗೆ ತೆರೆಯಬೇಕು ಎಂಬುದನ್ನು ಯಾರಾದರೂ ಮೊದಲು ಕಂಡುಹಿಡಿಯಲಿ, ಕಾಫಿಯದು ಆಮೇಲಾಗಲಿ.

ಎರಡು ಭಾನುವಾರ ಚಾರು ಬರಲಿಲ್ಲ. ಎರಡು ಸಲವೂ ಅವಳಿಗೆಂದು ಮಾಡಿದ ಅವಲಕ್ಕಿ ಬಾತನ್ನು ನಾವು ಮೂವರೇ ತಿಂದೆವು. ಮೂರನೆಯ ಭಾನುವಾರ ಬಾಗಿಲು ತೆಗೆದರೆ, ಚೀಲ, ಸೀಸೆ, ಪುಸ್ತಕ ಹಿಡಿದು ನಿಂತಿದ್ದಳು. ಮೇಷ್ಟ್ರು ಅಷ್ಟೂ ಕೇಳಿ ಮೊದಲು ನಕ್ಕರಂತೆ; ಆಮೇಲೆ, ಹೀಗೆ ಊರಿನಿಂದ ಕುಂಡ ತರುವವರು ನಿನ್ನ ಅಜ್ಜಿ ಒಬ್ಬರೇನಾ ವಿಚಾರಿಸು ಎಂದರಂತೆ. "ಅಜ್ಜಿ, ಚಪ್ಪಲಿ ಹಾಕ್ಕೊ. ನನಗೆ ಯಾರೂ ಬಾಗಿಲು ತೆಗೆಯಲ್ಲ, ನಿನಗೆ ತೆಗೀತಾರೆ."

ಆ ಬೇಸಿಗೆಯಲ್ಲಿ ದೆಹಲಿಯ ಎಷ್ಟು ಕನ್ನಡದ ಮನೆಗಳ ಮೆಟ್ಟಿಲು ಹತ್ತಿದೆವೋ ನನ್ನ ಮಂಡಿಗೆ ಗೊತ್ತು. ಒಬ್ಬರ ಮನೆಯಲ್ಲಿ ಊರಿನ ಮಲ್ಲಿಗೆ ಬಳ್ಳಿ, ಇನ್ನೊಬ್ಬರಲ್ಲಿ ದೊಡ್ಡಪತ್ರೆ, ವೀಳ್ಯದೆಲೆ, ಬಹುಪಾಲು ಕರಿಬೇವು. ಒಬ್ಬರೂ ಮೊದಲ ಏಟಿಗೆ ನಿಜ ಹೇಳಲಿಲ್ಲ. ಜನಕಪುರಿಯ ನನ್ನ ಗೆಳತಿ ಪದ್ಮಕ್ಕ ಚಾರುವಿನ ಮುಂದೆ, "ಇಲ್ಲೇ ಮಾರ್ಕೆಟ್ಟಿಂದ ತಂದದ್ದಮ್ಮ" ಎಂದಳು, ಕಣ್ಣು ಮಾತ್ರ ಟಿವಿ ನೋಡುತ್ತಿದ್ದ ಗಂಡನ ಮೇಲಿತ್ತು. ನಾನು ಅವಳ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದೆ. "ಯಾರಿಗೂ ಹೇಳಬೇಡ, ಸೂಟ್‌ಕೇಸಿನಲ್ಲಿ ಸ್ವೆಟರ್ ಒಳಗೆ ಇಟ್ಕೊಂಡು ಬಂದೆ" ಎಂದಳು. ಹೀಗೆ ಅಡುಗೆಮನೆಗಳಲ್ಲಿ ಪಡೆದ ತಪ್ಪೊಪ್ಪಿಗೆಗಳನ್ನು ನಾನು ಹೊರಗೆ ಬಂದು ಹೇಳುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು. ಊರಿನಿಂದ ಬಂದ ಕೆಲವು ಕುಂಡಗಳಲ್ಲಿ ಅದೇ ಹುಣಿಸೆಬೀಜದ ಬಣ್ಣದ ಇರುವೆ. ನರ್ಸರಿಯಿಂದ ನಿಜವಾಗಿ ತಂದ ಕುಂಡಗಳಲ್ಲಿ ಹುಡುಕಿದರೂ ಇಲ್ಲ. ಪದ್ಮಕ್ಕನ ಕುಂಡದಲ್ಲಿ ಅವು ಕಂಡಾಗ ಚಾರು ನನ್ನ ಭುಜ ಹಿಡಿದು ಕುಣಿದಳು. "ಕಚ್ಚುತ್ತಾ?" ಎಂದು ಕೇಳಿದಳು ಪದ್ಮಕ್ಕ, ಇಬ್ಬರನ್ನೂ ಅನುಮಾನದಿಂದ ನೋಡುತ್ತ.

ಆ ಇರುವೆ ನಡೆದು ಬಂದದ್ದಲ್ಲ, ನಮ್ಮಂಥವರ ಮಡಿಲಿನಲ್ಲಿ ಕೂತು ಬಂದದ್ದು ಎಂಬುದೇ ಇವತ್ತು ಅಚ್ಚಾಗಿರುವ ವಿಷಯ.

ಇಷ್ಟು ಸರಳವಾದದ್ದನ್ನು ಶ್ರೀಧರ ಬೆಳಿಗ್ಗೆ ಹೆಮ್ಮೆಯಿಂದ ನಮ್ಮ ಸೊಸೈಟಿಯ ವಾಟ್ಸಾಪಿಗೆ ಹಾಕಿದ. ಮಧ್ಯಾಹ್ನ ಊಟದ ಹೊತ್ತಿಗೆ ಸೆಕ್ರೆಟರಿ ವರ್ಮಾ, ಬೆನ್ನಿಗೆ ಔಷಧಿಯ ಕ್ಯಾನು ಕಟ್ಟಿಕೊಂಡ ಒಬ್ಬನನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಮಾತಾಜಿ, ಸೌತಿನ ಖತರ್‌ನಾಕ್ ಇರುವೆಯಂತೆ, ಲಿಫ್ಟಿನ ವೈರು ತಿನ್ನುತ್ತಂತೆ, ಗ್ರೂಪಿನಲ್ಲಿ ಬಂದಿದೆ." ಗುಪ್ತಾ ಅವರ ಹೆಂಡತಿಯಿಂದ ಹೊರಟು ಎಷ್ಟು ಫೋನು ಸುತ್ತಿ ಬಂದ ಮೇಲೆ ಅದಕ್ಕೆ ವೈರು ತಿನ್ನುವ ಹಲ್ಲು ಹುಟ್ಟಿತೋ ತಿಳಿಯದು. ನಾನು ಬಾಗಿಲಿಗೆ ಅಡ್ಡ ನಿಂತು, ವೈರು ತಿನ್ನುತ್ತದೆಂದು ಎಲ್ಲಿ ಬರೆದಿದೆ ತೋರಿಸಿ ಎಂದೆ. ಅವರು ಗ್ರೂಪು ತೋರಿಸಿದರು. ನಾನು ಚಾರ್ಜಿಗಿಟ್ಟ ಫೋನು ಕಿತ್ತು ತಂದು ಲೇಖನ ತೋರಿಸಿ, ಇದರಲ್ಲಿ ಹುಡುಕಿ ಎಂದೆ. ಇಂಗ್ಲಿಷ್ ಬಾರದ ನಾನು, ಇಂಗ್ಲಿಷಿನಲ್ಲೇ ನೋಟೀಸು ಬರೆಯುವ ಮನುಷ್ಯನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕೊನೆಯವರೆಗೆ ಓದಿಸಿದೆ. ಇಲ್ಲ ಮಾತಾಜಿ, ಕಾಣಲಿಲ್ಲ ಎಂದು ಒಪ್ಪಿ, ಕ್ಯಾನಿನವನನ್ನು ಕರೆದುಕೊಂಡು ಹೋದರು. ಅದನ್ನು ಗ್ರೂಪಿನಲ್ಲೂ ಹಾಕಿ ಎಂದು ಲಿಫ್ಟಿನವರೆಗೆ ಹೋಗಿ ಹೇಳಿ ಬಂದೆ. ಈ ಕ್ಷಣದವರೆಗೆ ಹಾಕಿಲ್ಲ.

ಸಂಜೆ ಚಾರು ಬಂದಳು. ಮಂಜುಳಾ ಆಫೀಸಿನಿಂದ ಬೇಗ ಬಂದು ಒಬ್ಬಟ್ಟು ತಟ್ಟಿದಳು, ನಾನು ಹುಳಿ ಮಾಡಿದೆ. ಎಲ್ಲರೂ ಕೂತ ಮೇಲೆ, ಚಾರು ಎಡಗೈಯಲ್ಲಿ ಫೋನು ಹಿಡಿದು ತನ್ನ ಲೇಖನವನ್ನು ನನಗಾಗಿ ಸಾಲುಸಾಲಾಗಿ ಕನ್ನಡಕ್ಕೆ ಇಳಿಸುತ್ತ ಹೋದಳು. ಅರ್ಧ ಅರ್ಥವಾಯಿತು, ಅರ್ಧ ಒಬ್ಬಟ್ಟಿನ ಜೊತೆ ಒಳಗೆ ಹೋಯಿತು. ನಡುವೆ ಒಂದು ಕಡೆ ಅವಳು, "ಈ ಇರುವೆ ತಾನಾಗಿ ಹರಡಿದೆ ಅಂತ ಮೊದಲು ನಾವು ತಿಳಿದಿದ್ವಿ. ಅದು ತಪ್ಪಾಗಿತ್ತು" ಎಂದು ಓದಿದಳು.

"ಹಾಗಂತ ಬರೆದಿದೀಯಾ? ಅಚ್ಚಿನಲ್ಲೇ?" ಎಂದು ಕೇಳಿದೆ.

"ಹೂಂ. ಬರೀಬೇಕಲ್ವಾ" ಎಂದಳು, ತುಪ್ಪಕ್ಕೆ ಕೈ ಚಾಚುತ್ತ.

ನಾನು ಈ ಮನೆಯ ಹಿರಿಯಳು. ನನ್ನ ಅತ್ತೆ ಮಾವನಿಂದ ಹಿಡಿದು ನನ್ನವರೆಗೆ, ನಮ್ಮ ವಂಶದಲ್ಲಿ ಒಬ್ಬರಾದರೂ ಯಾರೂ ಬಲವಂತ ಮಾಡದೆ, ನಾನು ತಿಳಿದದ್ದು ತಪ್ಪು ಎಂದು ಊಟದ ಮುಂದೆ ಕೂತು ಹೇಳಿದ್ದು ನನಗೆ ನೆನಪಿಲ್ಲ. ಈ ಹುಡುಗಿ ಅದನ್ನು ಲೋಕಕ್ಕೆಲ್ಲ ಕಾಣುವಂತೆ ಅಚ್ಚು ಹಾಕಿಸಿ, ಅದಕ್ಕಾಗಿಯೇ ಮೆಚ್ಚುಗೆ ಪಡೆದು, ಆರಾಮಾಗಿ ತುಪ್ಪ ಬಡಿಸಿಕೊಳ್ಳುತ್ತಿದ್ದಾಳೆ. ನಾನು ಶ್ರೀಧರನ ಕಡೆ ನೋಡಿದೆ. ಸುಮ್ಮನಿದ್ದುಬಿಡಬೇಕಿತ್ತು ಎಂದು ಅವತ್ತು ಕೂಗಾಡಿದವನು, ಇವತ್ತಾದರೂ ಒಂದು ಮಾತು ಆಡುತ್ತಾನೇನೋ ಎಂದು ಕಾದೆ. ಅವನೂ ನನ್ನ ಕಡೆ ನೋಡಿದ. ಬಾಯಿ ತೆರೆದ. ಮಂಜುಳಾಳೂ ಕೈ ನಿಲ್ಲಿಸಿ ನೋಡಿದಳು.

"ಅಮ್ಮಾ" ಎಂದ. "ಇನ್ನೊಂದು ಸೌಟು ಹುಳಿ ಹಾಕು."

ಹಾಕಿದೆ.