ಪ್ರಾರ್ಥನೆಯ ವೇಳೆ ಮುಚ್ಚದ ಕಣ್ಣು

ಬ್ಯಾಡಗಿಯ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಾನೂರು ಜೋಡಿ ಕಣ್ಣು ಮುಚ್ಚುತ್ತವೆ, ಒಂದು ಜೋಡಿ ಮಾತ್ರ ಮುಚ್ಚುವುದಿಲ್ಲ. ಅದು ಆಯಾ ಅಕ್ಬರಬಿಯದು. ಹತ್ತೊಂಬತ್ತು ವರ್ಷಗಳಿಂದ ಆ ರೆಪ್ಪೆಗಳು ಸೋತಿಲ್ಲ. ಮಾರ್ಕೆಟ್ಟಿನ ಮೆಣಸಿನಕಾಯಿ ಘಾಟಿಗೆ ಫಾದರ್ ಅವರೇ ಸೀನಿದ ದಿನವೂ ಸೋಲಲಿಲ್ಲ. ಆಕೆಗೆ ದೇವದೂತರು ಕಾಣುತ್ತಾರೆಂದು ಏಳನೆಯ ತರಗತಿಯವರು ಆಣೆ ಮಾಡಿ ಹೇಳುತ್ತಿದ್ದರು.

ಮಂಗಳೂರಿನಿಂದ ಬಂದ ಹೊಸ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಸೆವ್ರಿನ್ ಅವರಿಗೆ ಇದು ಅಗೌರವವಾಗಿ ಕಂಡಿತು. “ನಮ್ಮ ಪ್ರಾರ್ಥನೆ ನಿಮಗೆ ಒಗ್ಗದಿದ್ದರೆ ಹೊರಗೆ ನಿಲ್ಲಿ, ಅಕ್ಬರಬಿ.”

ಅಕ್ಬರಬಿಯ ಮುಖ ಬಾಡಿತು. “ಒಗ್ಗತೈತ್ರಿ ಸಿಸ್ಟರ್. ಎಲ್ಲಾರಕಿಂತ ಜೋರಾಗಿ ಆಮೀನ್ ಅನ್ನಾಕಿ ನಾನರಿ. ಇನ್ನೊಂದು ದಿನ ನೋಡ್ರಿ.”

ಮರುದಿನ ಸಿಸ್ಟರ್ ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದರು. ಅಕ್ಬರಬಿಯ ತುಟಿ ಪ್ರಾರ್ಥಿಸುತ್ತಿತ್ತು, ಬೆರಳು ಎಲ್‌ಕೆಜಿಯ ಕನಕರಾಜನ ಬಾಯಿಯಿಂದ ಏನನ್ನೋ ಹೊರತೆಗೆಯುತ್ತಿತ್ತು.

ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಮೆಲ್ಲಗೆ ಹೇಳಿದರು: “ನಾಳೆಯೂ ಇಲ್ಲೇ ನಿಲ್ಲಿ. ಆದರೆ ಅದೇನದು?”

“ಚಾಕ್‌ಪೀಸ್ ರೀ. ನೀವೆಲ್ಲಾ ಕಣ್ಣು ಮುಚ್ಚೂದನ್ನ ಕಾಯ್ತಿರ್ತಾನ್ರಿ ಇಂವಾ.”